ಸ್ಕ್ಯಾನಿಂಗ್ ತೂಕ ನಂಬಿ ಸೀಜರ್‌ಗೆ ಸಹಿ ಹಾಕಬ್ಯಾಡ್ರಿ

ಕಲಬುರಗಿಗೆ ಹೆರಿಗಿಗಿ ಬರೋರು ಇದನ್ನ ಪೂರ್ತಿ ಓದ್ರಿ.

ಜೇವರ್ಗಿಯಿಂದ ಹೆಂಡ್ತಿನ್ನ ಕರ್ಕೊಂಡು ಒಂದು ಖಾಸಗಿ ದವಾಖಾನಿಗಿ ಬಂದಿದ್ದೆ. ಚೊಚ್ಚಲು, 39 ವಾರ. ಬಿಪಿ ಇಲ್ಲ, ಶುಗರ್ ಇಲ್ಲ, ಕೂಸಿನ ತಲಿ ಕೆಳಗ. ನೋವು ಇನ್ನೂ ಸುರು ಆಗಿರಲಿಲ್ಲ. ಮೇಡಂ ಸ್ಕ್ಯಾನಿಂಗ್ ಕಾಗದ ನೋಡಿ, "ಕೂಸು 3 ಕೆಜಿ 800 ಅದ, ಭಾಳ ದೊಡ್ಡದು. ನಾರ್ಮಲ್ ಅಂತ ಕಾದ್ರ ಭುಜ ಸಿಕ್ಕೊಂತದ, ಆಮ್ಯಾಲ ನಮ್ಮನ್ನ ಕೇಳಬ್ಯಾಡ್ರಿ" ಅಂದ್ರು. ಅತ್ತಿ ಅಳಾಕತ್ತಿದ್ರು. ನಾನು ಸಹಿ ಮಾಡ್ದೆ. ಒಂದು ಪ್ರಶ್ನಿ ಕೇಳದ ಸಹಿ ಮಾಡ್ದೆ.

ಕೂಸು ಹುಟ್ಟಿತು, ಸಿಸ್ಟರ್ ತೂಕಕ್ಕ ಇಟ್ರು. 3 ಕೆಜಿ 250. ಇನ್ನೊಮ್ಮೆ ಇಡ್ರಿ ಅಂದೆ. ಮತ್ತ ಅಷ್ಟೇ. ಅರ್ಧ ಕೆಜಿಗಿಂತ ಜಾಸ್ತಿ ಎಲ್ಲಿ ಹೋಯ್ತು?

ಕೇಳಿದ್ದಕ್ಕ ಮೇಡಂ, "ಅದು ಅಂದಾಜುರೀ, ಸ್ಕ್ಯಾನ್ ಅಂದ್ರ ತಕ್ಕಡಿ ಅಂತ ತಿಳ್ಕೊಂಡೀರೇನು?" ಅಂದ್ರು. ಸಹಿ ಮಾಡ್ಸೋ ಮುಂದ ಅಂದಾಜು ಅನ್ನೋ ಮಾತೇ ಬಂದಿರಲಿಲ್ಲ! ಸ್ಕ್ಯಾನಿಂಗ್‌ನವರು, "ರಿಪೋರ್ಟ್‌ನಾಗ ಬರ್ದೀವಲ್ಲ ಸರ್, ಓದಬೇಕಿತ್ತು." ನಿಜ, ಬರ್ದಾರ. 3800ರ ಪಕ್ಕ ಸಣ್ಣಗ ± 570 ಗ್ರಾಂ. ಅಂದ್ರ 3230ನೂ ಇರಬಹುದು, 4370ನೂ ಇರಬಹುದು. ಆ ಕಾಗದ ನನ್ನ ಕೈಯಾಗೇ ಇತ್ತು. ಬಿಎಸ್ಸಿ ಓದೀನಿ ನಾನು. ಇದನ್ನ ಬರಿಯಾಕೂ ನಾಚಿಕಿ ಬರ್ತದ.

ಆಮ್ಯಾಲ ಓದಿ ತಿಳ್ಕೊಂಡೆ. ಮಷೀನು ಕೂಸಿನ ತಲಿ, ಹೊಟ್ಟಿ ಸುತ್ತಳತಿ, ತೊಡಿ ಎಲುಬು ಅಳೀತದ, ಹ್ಯಾಡ್ಲಾಕ್ ಅನ್ನೋ ಸೂತ್ರದಾಗ ಹಾಕಿ ತೂಕ ತೆಗೀತದ. ಹೊಟ್ಟಿ ಅಳತಿ ಸ್ವಲ್ಪ ಆಚೀಚಿ ಆದ್ರೂ ತೂಕ ಏರುಪೇರು. 10–15% ಫರಕ್ ಮಾಮೂಲು. ಅಮೆರಿಕದ ಹೆರಿಗಿ ಡಾಕ್ಟರ್‌ಗಳ ಸಂಘ, ದೊಡ್ಡ ಕೂಸು ಅಂತ ಮೊದಲೇ ಸೀಜರ್ ವಿಚಾರ ಮಾಡೋದು ಶುಗರ್ ಇಲ್ಲದ ತಾಯಿಗಿ ಅಂದಾಜು 5000 ಗ್ರಾಂ ಇದ್ದಾಗ, ಶುಗರ್ ಇದ್ರ 4500 ಅಂತದ. ನಮ್ಮದು 3800!

ಸೀಜರ್ ಬ್ಯಾಡ ಅಂತ ಹೇಳ್ತಿಲ್ಲ. ಕೂಸಿನ ಎದಿಬಡಿತ ಇಳಿದ್ರ, ಬ್ಯಾರೆ ತೊಂದ್ರಿ ಇದ್ರ ಒಂದ್ ನಿಮಿಷನೂ ತಡ ಮಾಡಬ್ಯಾಡ್ರಿ. ಆದ್ರ ಬರೀ ತೂಕದ ಮಾತಿದ್ರ, ± ಎಷ್ಟು ಅಂತ ಕೇಳ್ರಿ, ನೋವು ಬರೋತನ ಕಾದ್ರ ಏನು ಅಂತ ಕೇಳ್ರಿ, ಇನ್ನೊಬ್ರಿಗಿ ತೋರಿಸ್ರಿ. ಸರ್ಕಾರಿ ದವಾಖಾನಿ ಜಿಮ್ಸ್ ಇಲ್ಲೇ ಕಲಬುರಗ್ಯಾಗ ಇತ್ತು, ನಾನು ಹೋಗಲಿಲ್ಲ.

ಡಿಸ್ಚಾರ್ಜ್ ಕಾಗದದಾಗ ಸೀಜರ್‌ಗೆ ಕಾರಣ ದೊಡ್ಡ ಕೂಸು ಅಂತ ಬರ್ದಾರ. ಅದರ ಕೆಳಗಿನ ಸಾಲಿನಾಗೇ ಹುಟ್ಟಿದ ತೂಕ 3.25 ಕೆಜಿ.