ಶನಿಗೇ ಕಾಟ ಕೊಡುವ ಚಂದ್ರ, ಜಯನಗರದ ತಾರಸಿ ಮೇಲೆ

ಕಳೆದ ಶನಿವಾರ ಜಯನಗರದ ಒಂದು ತಾರಸಿಯಲ್ಲಿ ನಡೆಯುವ ಆಕಾಶ ನೋಡುವ ಕಾರ್ಯಕ್ರಮಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ತಲೆಗೆ 400 ರೂಪಾಯಿ. ಟೆಲಿಸ್ಕೋಪ್‌ನಲ್ಲಿ ಶನಿಯ ಉಂಗುರ ತೋರಿಸುತ್ತೇವೆ ಅಂದಿದ್ದರು. ಮೋಡ! ಎದುರುಮನೆಯ ನೀರಿನ ಟ್ಯಾಂಕ್ ಬಿಟ್ಟು ಬೇರೇನೂ ಕಾಣಲಿಲ್ಲ, ದುಡ್ಡೂ ವಾಪಸ್ ಇಲ್ಲ.

ಆದರೂ ಮೂರೂವರೆ ಸ್ಟಾರ್ ಕೊಡುತ್ತಿದ್ದೇನೆ. ಅಲ್ಲಿ ಮಾತಾಡಿದ ಹುಡುಗಿಗೆ ಸೇರಬೇಕಾದ ಸ್ಟಾರ್ ಅವು. ಮೋಡ ನೋಡಿ ಸುಮ್ನೆ ಕೂರದೆ ಎನ್ಸೆಲಾಡಸ್ ಕಥೆ ಶುರು ಮಾಡಿದಳು. ಶನಿಯ ಹಿಮದ ಚಂದ್ರ, ಅಡ್ಡಗಲ ಬರೀ 500 ಕಿಲೋಮೀಟರ್, ವಿಮಾನದಲ್ಲಿ ಇಲ್ಲಿಂದ ಹೈದರಾಬಾದ್‌ಗೆ ಹೋದಷ್ಟು. 2005ರಲ್ಲಿ, ಶನಿಯನ್ನು ಸುತ್ತುತ್ತಿದ್ದ ಕ್ಯಾಸಿನಿ ಬಾಹ್ಯಾಕಾಶ ನೌಕೆ ಪಕ್ಕದಲ್ಲಿ ಹಾದಾಗ ಶನಿಯ ಕಾಂತ ಬಲರೇಖೆಗಳು (ಅದರ ಕಾಂತಶಕ್ತಿ ಯಾವ ದಿಕ್ಕಿಗೆ ಅಂತ ತೋರಿಸುವ ಗೆರೆಗಳು) ಆ ಚಂದ್ರನ ಹತ್ತಿರ ಬಾಗಿರುವುದು ಗೊತ್ತಾಯಿತಂತೆ. ಬರೀ ಐಸ್ ಗಡ್ಡೆಯೊಂದು ಅವನ್ನು ಹಾಗೆ ಬಗ್ಗಿಸೋಕಾಗಲ್ಲ ಅಲ್ವಾ? ಜುಲೈನಲ್ಲಿ ನೌಕೆಯನ್ನು 173 ಕಿಲೋಮೀಟರ್‌ವರೆಗೆ ಇಳಿಸಿ ನೋಡಿದರೆ, ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ ಚಿಮ್ಮುತ್ತಿದೆ! ಸೆಕೆಂಡಿಗೆ ಸುಮಾರು 300 ಕಿಲೋ.

ಆ ನೀರಿಗೆ ಬಿಸಿಲು ತಾಗಿ, ಎಲೆಕ್ಟ್ರಾನ್ ಡಿಕ್ಕಿ ಹೊಡೆದು ವಿದ್ಯುತ್ ಚಾರ್ಜ್ ಬರುತ್ತದೆ. ಬಂದ ತಕ್ಷಣ ಶನಿಯ ಕಾಂತಕ್ಷೇತ್ರ ಅದನ್ನು ಹಿಡಿದು ಎಳೆಯುತ್ತದೆ. ಚಂದ್ರ ಒಂದು ಸುತ್ತಿಗೆ 33 ಗಂಟೆ ತೆಗೆದುಕೊಂಡರೆ ಶನಿಯ ಜೊತೆಗೇ ತಿರುಗುವ ಕ್ಷೇತ್ರಕ್ಕೆ ಹತ್ತೂವರೆ ಗಂಟೆ ಸಾಕು, ಹಾಗಾಗಿ ಚಾರ್ಜ್ ಬಂದ ಈ ಹೊಸ ಆವಿಯನ್ನು ತನ್ನ ವೇಗಕ್ಕೆ ತರಲು ಅದು ಒದ್ದಾಡಬೇಕು. ಓಡುತ್ತಿರುವ ಗ್ರೈಂಡರ್‌ಗೆ ನೆನೆಸಿದ ಅಕ್ಕಿ ಸುರಿಯುತ್ತಲೇ ಇದ್ದರೆ ಏನಾಗುತ್ತದೆ ಅಂತ ಕೇಳಿದಳು. ನಿಧಾನವಾಗುತ್ತೆ ಅಂತ ಅಮ್ಮಂದಿರೆಲ್ಲ ತಕ್ಷಣ ತಲೆಯಾಡಿಸಿದರು. ಇಷ್ಟೇ ಅಲ್ಲ, ಚಂದ್ರನಿಂದ ಶನಿಯ ಧ್ರುವದವರೆಗೂ ಕರೆಂಟ್ ಹರಿದು ಅಲ್ಲಿ ಅಲ್ಟ್ರಾವಯೊಲೆಟ್‌ನಲ್ಲಿ ಒಂದು ಬೆಳಕಿನ ಮಚ್ಚೆ ಮೂಡುತ್ತದೆ, 2008ರಲ್ಲಿ ಕ್ಯಾಸಿನಿ ಅದನ್ನೂ ಹಿಡಿದಿತ್ತು.

ಒಂದು ತಕರಾರು. ಶನಿಯಿಂದ ಬರುವ ರೇಡಿಯೋ ಅಲೆಗಳ ಮಿಡಿತ, 1980ರ ಸುಮಾರಿಗೆ ವಾಯೇಜರ್ ನೌಕೆಗಳು ಹಾದುಹೋದ ಕಾಲದಲ್ಲಿ 10 ಗಂಟೆ 39 ನಿಮಿಷಕ್ಕೊಮ್ಮೆ ಇತ್ತು, ಕ್ಯಾಸಿನಿ ಹೋಗುವಷ್ಟರಲ್ಲಿ ಸುಮಾರು 6 ನಿಮಿಷ ಜಾಸ್ತಿ. ಇದಕ್ಕೂ ಎನ್ಸೆಲಾಡಸ್ಸೇ ಕಾರಣ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಳು. ಅದು ಒಂದು ವಾದ ಅಷ್ಟೇ, ಶನಿಯ ಮೇಲಿನ ಗಾಳಿಗಳೇ ಕಾರಣ ಅನ್ನುವವರೂ ಇದ್ದಾರೆ. ಮಕ್ಕಳ ಮುಂದೆ ಅದನ್ನೂ ಹೇಳಬೇಕಿತ್ತು.

ಇಳಿಯುವಾಗ ಮಗಳು, "ಅಪ್ಪಾ, ಅಜ್ಜಿ ಯಾವಾಗಲೂ ಶನಿ ಕಾಟ ಅಂತಾರಲ್ಲ, ಇಲ್ಲಿ ಶನಿಗೇ ಕಾಟ" ಅಂದಳು.

ಗಾಡಿ ನಿಲ್ಲಿಸಲು ಜಾಗ ಇಲ್ಲ, ಮೆಟ್ರೋದಲ್ಲಿ ಹೋಗಿ. ಪ್ಲಾಸ್ಟಿಕ್ ಕುರ್ಚಿ, ಕಾಫಿ ತಣ್ಣಗೆ. ಮಳೆಗಾಲ ಮುಗಿಯುವವರೆಗೆ ಬುಕ್ ಮಾಡಬೇಡಿ.