ಒಂದೇ ದುಡ್ಡಿಗೆ ಮೂರು ರೋಡ್ ಬೈಕ್: ಓಡಿಸಿ ನೋಡಿದ ಮೇಲೆ

ಮೊದಲ ರೋಡ್ ಬೈಕ್, ಅಂದರೆ ಬಾಗಿದ ಹ್ಯಾಂಡಲ್ಲಿನ ವೇಗದ ಸೈಕಲ್, ತಗೊಳ್ಳಬೇಕು, ಕೈಯಲ್ಲಿ ದುಡ್ಡು ಕಡಿಮೆ ಇದೆ ಅನ್ನುವವರ ಮುಂದೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. ಒಂದು, ಡಿಸ್ಕ್ ಬ್ರೇಕ್ ಇರುವ, ದೂರದಿಂದ ದುಬಾರಿ ರೇಸ್ ಸೈಕಲ್ಲಿನ ಹಾಗೇ ಕಾಣುವ, ಆದರೆ ಹಿಂದೆ 7 ಗೇರ್ ಮಾತ್ರ ಇರುವ ಹೊಸ ಸೈಕಲ್. ಎರಡು, ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕ್, ಶಿಮಾನೊ ಕಂಪನಿಯ 8 ಗೇರಿನ ಕ್ಲಾರಿಸ್ ಗೇರ್ ಸೆಟ್, ಅಲ್ಯೂಮಿನಿಯಂ ಫ್ರೇಮ್, ಮುಂದಿನ ಚಕ್ರ ಹಿಡಿಯುವ ಕಾರ್ಬನ್ ಫೋರ್ಕ್ ಇರುವ ಸಾದಾ ಹೊಸ ಸೈಕಲ್. ಮೂರು, ಅದೇ ದುಡ್ಡಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಸೈಕಲ್. ನಾನು ನೋಡಿದ್ದರಲ್ಲಿ ಅದೇ ಶಿಮಾನೊದ, ಕ್ಲಾರಿಸ್ಸಿಗಿಂತ ಮೇಲಿನ ದರ್ಜೆಯ 10 ಗೇರಿನ ಟಿಯಾಗ್ರಾ ಸೆಟ್ ಇತ್ತು. ಹೊಸದಾಗಿದ್ದಾಗ ಅದರ ಬೆಲೆ ಉಳಿದೆರಡಕ್ಕಿಂತ ತುಂಬಾ ಜಾಸ್ತಿ. ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿದೆ. ಅದೇ ಸಪಾಟು, ಅದೇ ಏರು, ಅದೇ ಇಳಿಜಾರು. ಪ್ರತಿ ಸಲವೂ ಸೀಟಿನ ಎತ್ತರ ನನಗೆ ಸರಿಮಾಡಿಕೊಂಡು, ಟಯರಿನ ಅಗಲಕ್ಕೆ ತಕ್ಕಷ್ಟು ಗಾಳಿ ಹೊಡೆದುಕೊಂಡು ಹೊರಟೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಡಿಮೆ ದುಡ್ಡಿನ ರೋಡ್ ಬೈಕನ್ನು ಸಪಾಟು ರಸ್ತೆಯಲ್ಲಿ ಓಡಿಸಿ ತೀರ್ಮಾನ ಮಾಡಬೇಡಿ. ಅಲ್ಲಿ ಎಲ್ಲವೂ ಚೆನ್ನಾಗೇ ಓಡುತ್ತವೆ. ಇಳಿಜಾರಿಗೆ ಕರೆದುಕೊಂಡು ಹೋಗಿ. ಕೈ ಡ್ರಾಪ್ಸ್‌ನಲ್ಲಿರಲಿ, ಅಂದರೆ ಹ್ಯಾಂಡಲ್ಲಿನ ಬಾಗಿದ ಕೆಳಭಾಗದಲ್ಲಿ. ಹಾಗೇ ಬ್ರೇಕ್ ಹಿಡಿಯಿರಿ, ಗೇರ್ ಬದಲಿಸಿ. ದುಡ್ಡು ಎಲ್ಲಿ ಉಳಿಸಿದ್ದಾರೆ ಅಂತ ಒಂದೇ ತಿರುವಿನಲ್ಲಿ ಗೊತ್ತಾಗುತ್ತದೆ.

ಸಪಾಟಿನಲ್ಲಿ ವ್ಯತ್ಯಾಸ ಯಾಕೆ ಕಾಣಲ್ಲ ಅಂದರೆ, ವೇಗ ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಆ ಗಾಳಿಗೆ ಅಡ್ಡ ನಿಲ್ಲುವುದು ಹೆಚ್ಚಾಗಿ ನಮ್ಮ ಮೈ, ಸೈಕಲ್ ಅಲ್ಲ. ಮೂರರ ಮೇಲೂ ನಾನು ಕೂತ ಭಂಗಿ ಹೆಚ್ಚು ಕಡಿಮೆ ಒಂದೇ, ಹಾಗಾಗಿ ವೇಗವೂ ಒಂದೇ. ಗೇರುಗಳ ನಡುವಿನ ಅಂತರ ಮಾತ್ರ ಬೇರೆ ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಹಿಂದಿನ ಗೇರುಗಳಲ್ಲಿ ಹಲ್ಲುಗಳು 12, 13, 14, 15, 16, 17 ಅಂತ ಒಂದೊಂದೇ ಏರುತ್ತವೆ. ಎದುರುಗಾಳಿ ಸ್ವಲ್ಪ ಜೋರಾದರೆ ಒಂದು ಹಲ್ಲು ಜಾಸ್ತಿ ಇರುವ ಗೇರಿಗೆ ಹೋದರೆ ಸಾಕು, ಕಾಲಿನ ಲಯ ತಪ್ಪಲ್ಲ. ಕ್ಲಾರಿಸ್ ಸೈಕಲ್ಲಿನ 11-32 ಕ್ಯಾಸೆಟ್ಟಿನಲ್ಲಿ, ಅಂದರೆ 11ರಿಂದ 32 ಹಲ್ಲಿನವರೆಗಿನ ಹಿಂದಿನ ಗೇರುಗಳ ಗೊಂಚಲಿನಲ್ಲಿ, 15 ಆದ ಮೇಲೆ ನೇರವಾಗಿ 18. ಒಂದರಲ್ಲಿ ಭಾರ, ಇನ್ನೊಂದರಲ್ಲಿ ಕಾಲು ಸುಮ್ನೆ ಗಿರಗಿರ ತಿರುಗುತ್ತದೆ. ಮಧ್ಯದ್ದು ಬೇಕು ಅನ್ನಿಸಿದಾಗ ಅದು ಇರುವುದಿಲ್ಲ.

ಏರು ಶುರುವಾದ ಕೂಡಲೇ ಇದು ತಿರುಗುಮುರುಗಾಗುತ್ತದೆ. ಎಲ್ಲರೂ ಮೊದಲು ತೂಕ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಸವಾರ 70 ಕೆ.ಜಿ., ಸೈಕಲ್ 10 ಕೆ.ಜಿ., ಒಟ್ಟು 80. ಸೈಕಲ್ 12 ಕೆ.ಜಿ. ಆದರೆ ಒಟ್ಟು 82. ಅಂದರೆ ಶೇ. 2.5 ಜಾಸ್ತಿ, ಅಷ್ಟೆ. ಆದರೆ ಗೇರಿನ ಲೆಕ್ಕ ನೋಡಿದರೆ ಕಥೆಯೇ ಬೇರೆ. ಹಳೆಯ ಸೈಕಲ್ಲಿನ ಮುಂದೆ, ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರದಲ್ಲಿ 39 ಹಲ್ಲು, ಹಿಂದಿನ ದೊಡ್ಡದರಲ್ಲಿ 25. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 12 ಕಿ.ಮೀ. ವೇಗ. ಕಡಿದಾದ ಏರಿನಲ್ಲಿ ಹೊಸಬರಿಗೆ ಆ ವೇಗ ಉಳಿಸಿಕೊಳ್ಳುವುದು ಆಗದ ಮಾತು. ತುಳಿತ ನಿಧಾನವಾಗುತ್ತಾ ಹೋಗಿ ಮಂಡಿ ನೋಯಲು ಶುರುವಾಗುತ್ತದೆ. ಕ್ಲಾರಿಸ್ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 32. ಅದೇ 60 ಸುತ್ತಿಗೆ ಗಂಟೆಗೆ ಸುಮಾರು 8 ಕಿ.ಮೀ. ಸಾಕು. ಕೂತಲ್ಲೇ ಕೂತು, ಉಸಿರು ಹದ ತಪ್ಪದ ಹಾಗೆ ಹತ್ತಬಹುದು. 7 ಗೇರಿನದು 34-28, ಸುಮಾರು 9 ಕಿ.ಮೀ. ಇವೆರಡರ ನಡುವೆ ಬರುತ್ತದೆ, ತೀರಾ ಕೆಟ್ಟದ್ದೇನಲ್ಲ.

ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಗೇರ್ ಸೆಟ್ಟಿನ ಹೆಸರು ಕೇಳುವ ಮೊದಲು ಹಲ್ಲು ಎಣಿಸಿ. ಮುಂದಿನ ಎರಡು ಹಲ್ಲುಚಕ್ರಗಳು 50-34 ಇದ್ದರೆ ಚಿಂತೆ ಇಲ್ಲ. 53-39 ಇದ್ದರೆ ನಿಮ್ಮ ದಾರಿಯಲ್ಲಿ ಏರು ಎಷ್ಟಿದೆ ಅಂತ ಯೋಚಿಸಿ. ಆ ಕಾಲದ ಹಿಂದಿನ ಡಿರೇಲರುಗಳು, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗಗಳು, ಸಾಮಾನ್ಯವಾಗಿ 28 ಹಲ್ಲಿನವರೆಗೆ ಮಾತ್ರ ಒಪ್ಪುತ್ತವೆ. ಕ್ಯಾಸೆಟ್ ಬದಲಿಸಿ ಪೂರ್ತಿ ಸರಿಮಾಡಿಕೊಳ್ತೀನಿ ಅಂದರೆ ಆಗಲ್ಲ.

ಈಗ ಇಳಿಜಾರು.

7 ಗೇರಿನ ಸೈಕಲ್ಲಿನಲ್ಲಿ ಗೇರು ಭಾರ ಮಾಡುವ ಲಿವರ್ ಒಂದು ಸಣ್ಣ ಗುಂಡಿ. ಬ್ರೇಕ್ ಹುಡ್ಡಿನ, ಅಂದರೆ ಬ್ರೇಕ್ ಲಿವರ್ ಕೂರುವ ರಬ್ಬರ್ ಹೊದಿಕೆಯ ಹಿಡಿಕೆಯ, ಒಳಬದಿಯಲ್ಲಿ, ಹೆಬ್ಬೆರಳಿಗೆ ಸಿಗುವ ಜಾಗದಲ್ಲಿದೆ. ಕೈ ಹುಡ್ ಮೇಲಿದ್ದಾಗ ತುಂಬಾ ಸಲೀಸು. ಆದರೆ ಇಳಿಜಾರಿನಲ್ಲಿ ಕೈ ಡ್ರಾಪ್ಸ್‌ಗೆ ಇಳಿಸಿದರೆ ಹೆಬ್ಬೆರಳು ಎಷ್ಟು ಚಾಚಿದರೂ ಗುಂಡಿ ಸಿಗುವುದಿಲ್ಲ. ವೇಗ ಏರುತ್ತಿದೆ, ಕಾಲು ಖಾಲಿ ತಿರುಗುತ್ತಿದೆ, ಗೇರ್ ಬೇಕು ಅಂದರೆ ಹಿಡಿತ ಬಿಟ್ಟು ಕೈ ಮೇಲೆತ್ತಬೇಕು. ಕೈ ಗಟ್ಟಿಯಾಗಿ ಕೂತಿರಬೇಕಾದ ಹೊತ್ತೇ ಅದು, ಅಲ್ವಾ? ಕ್ಲಾರಿಸ್ ಮತ್ತು ಟಿಯಾಗ್ರಾದಲ್ಲಿ ಗೇರು ಭಾರ ಮಾಡುವ, ಹಗುರ ಮಾಡುವ ಎರಡೂ ಕೆಲಸ ಬ್ರೇಕ್ ಲಿವರಿನ ಜಾಗದಲ್ಲೇ ಆಗುತ್ತವೆ. ಇಡೀ ಲಿವರ್ ಒಳಗೆ ತಳ್ಳಿದರೆ ಒಂದು ಕಡೆ, ಅದರ ಹಿಂದಿನ ಸಣ್ಣ ಲಿವರ್ ತಳ್ಳಿದರೆ ಇನ್ನೊಂದು ಕಡೆ. ಹುಡ್ ಮೇಲಿಂದಲೂ ಆಗುತ್ತದೆ, ಡ್ರಾಪ್ಸ್‌ನಿಂದಲೂ ಆಗುತ್ತದೆ. ನನಗೆ 7ಕ್ಕೂ 8ಕ್ಕೂ ಇರುವ ನಿಜವಾದ ವ್ಯತ್ಯಾಸ ಆ ಒಂದು ಗೇರಲ್ಲ, ಈ ಲಿವರ್.

ಬ್ರೇಕ್ ವಿಷಯದಲ್ಲಿ ಡಿಸ್ಕ್ ಅಂದ ಕೂಡಲೇ ಮೇಲು ಅಂದುಕೊಳ್ಳುತ್ತೇವೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಒಳ್ಳೆಯ ಹೈಡ್ರಾಲಿಕ್ ಡಿಸ್ಕ್ ನಿಜವಾಗಿಯೂ ಮೇಲು. ಈ ಬೆಲೆಯಲ್ಲಿ ಸಿಗುವುದು ಕೇಬಲ್ಲಿನಿಂದ ಎಳೆಯುವ ಡಿಸ್ಕ್. ಅದರಲ್ಲೂ ಹೆಚ್ಚಿನವುಗಳಲ್ಲಿ ಒಂದೇ ಪ್ಯಾಡ್ ಚಲಿಸುತ್ತದೆ. ಅದು ಡಿಸ್ಕನ್ನು ಸ್ವಲ್ಪ ಬಾಗಿಸಿ ಇನ್ನೊಂದು ಪ್ಯಾಡಿಗೆ ಒತ್ತುತ್ತದೆ. ಲಿವರ್ ಹಿಡಿದಾಗ ಮೆತ್ತಗೆ, ಸ್ಪಂಜಿನ ಹಾಗೆ ಅನ್ನಿಸುತ್ತದೆ. ಪ್ಯಾಡ್ ಸವೆದ ಹಾಗೆ ಲಿವರ್ ಹ್ಯಾಂಡಲ್ಲಿನ ಹತ್ತಿರ ಬರುತ್ತದೆ. ಆಗಾಗ ಕೈಯಿಂದಲೇ ಬಿಗಿ ಮಾಡುತ್ತಿರಬೇಕು. ಸ್ವಲ್ಪ ತಪ್ಪಿದರೂ ಸಿಂಯ್ ಸಿಂಯ್ ಅಂತ ಉಜ್ಜುವ ಸದ್ದು ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ಒಣ ರಸ್ತೆಯಲ್ಲಿ ಕ್ಲಾರಿಸ್ ಸೈಕಲ್ಲಿನ ಡ್ಯುಯಲ್ ಪಿವಟ್ (ಎರಡು ಕೀಲಿನ) ರಿಮ್ ಬ್ರೇಕ್ ಇದಕ್ಕಿಂತ ಚೊಕ್ಕವಾಗಿ ಹಿಡಿಯಿತು. ಎಷ್ಟು ಒತ್ತಿದರೆ ಎಷ್ಟು ನಿಲ್ಲುತ್ತದೆ ಅನ್ನುವುದು ಬೆರಳಿಗೇ ತಿಳಿಯುತ್ತದೆ.

ಮಳೆಯಲ್ಲಿ ಮಾತ್ರ ಡಿಸ್ಕಿನ ಪರ ಮಾತಾಡಲೇಬೇಕು. ರಿಮ್ ಒದ್ದೆಯಾದಾಗ ಪ್ಯಾಡ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಆ ಕ್ಷಣದ ತಡ ಎದೆ ಝಲ್ಲೆನ್ನಿಸುತ್ತದೆ. ಡಿಸ್ಕ್ ಸೈಕಲ್ಲಿಗೆ ಇನ್ನೊಂದು ಲಾಭವೂ ಇದೆ. ಅಗಲ ಟಯರ್ ಹಿಡಿಸುತ್ತದೆ. 32 ಮಿ.ಮೀ. ಟಯರ್ ಹಾಕಿದರೆ ಗುಂಡಿ ಬಿದ್ದ ರಸ್ತೆಯಲ್ಲೂ ಕೈ ಜುಮ್ಮೆನ್ನುವುದಿಲ್ಲ. ಹಳೆಯ ರಿಮ್ ಬ್ರೇಕ್ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 25 ಮಿ.ಮೀ. ದಾಟಲು ಜಾಗ ಇರುವುದಿಲ್ಲ. ಈಚಿನವುಗಳಲ್ಲಿ ಹೆಚ್ಚಾಗಿ 28 ಹಿಡಿಸುತ್ತದೆ. ದಿನವೂ ಮಳೆಯಲ್ಲಿ, ಕೆಟ್ಟ ರಸ್ತೆಯಲ್ಲಿ ಓಡಾಡುವವರಿಗೆ ಮೊದಲನೆಯ ಸೈಕಲ್ ಬೇಡವೇ ಬೇಡ ಅಂತ ನಾನು ಹೇಳಲ್ಲ.

ಆದರೆ ಅದರ ಹಿಂದಿನ ಚಕ್ರ ಒಮ್ಮೆ ನೋಡಿ. 7 ಗೇರಿನ ಎಷ್ಟೋ ಸೈಕಲ್ಲುಗಳಲ್ಲಿ ಗೇರುಗಳು ಚಕ್ರದ ನಡುವಿನ ಹಬ್ಬಿಗೆ ತಿರುಪಿನ ಹಾಗೆ ಕೂರುವ ಫ್ರೀವೀಲ್ ಆಗಿರುತ್ತವೆ. ಬೇರಿಂಗ್ ಒಳಗಡೆ ಉಳಿದು, ಆಕ್ಸೆಲ್ಲಿನ (ಚಕ್ರದ ಅಚ್ಚಿನ) ಉದ್ದನೆಯ ತುದಿಗೆ ಆಸರೆ ಇರುವುದಿಲ್ಲ. ಭಾರದ ಸವಾರ, ಗುಂಡಿಯ ರಸ್ತೆ ಸೇರಿದರೆ ಆಕ್ಸೆಲ್ ಬಾಗುವುದುಂಟು. ಕ್ಲಾರಿಸ್ಸಿನ ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ತುದಿಯ ಹತ್ತಿರವೇ ಇರುತ್ತದೆ. ಮುಂದೆ ಒಳ್ಳೆಯ ಗೇರ್ ಸೆಟ್ ಹಾಕಿಸೋಣ ಅಂದರೂ ಫ್ರೀವೀಲ್ ಇದ್ದರೆ ಹಿಂದಿನ ಚಕ್ರದ ಹಬ್ಬನ್ನೂ ಬದಲಿಸಬೇಕಾಗುತ್ತದೆ.

ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ಲನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದೂ ಓಡಿಸಿದೆ. ಊರೊಳಗೆ ಸೊಗಸು. ಒಂದು ಗಂಟೆಗಿಂತ ಜಾಸ್ತಿ ಹೊತ್ತು ಎದುರುಗಾಳಿಯಲ್ಲಿ ತುಳಿದರೆ ಕೈ ಬದಲಿಸಿಡಲು ಜಾಗ ಇಲ್ಲದೆ ಮಣಿಕಟ್ಟು ಸೋಲುತ್ತದೆ. ರೋಡ್ ಬೈಕ್ ಬೇಕು ಅಂತ ಮನಸ್ಸು ಮಾಡಿದವರಿಗೆ ಅದು ಉತ್ತರವಲ್ಲ.

ಹಾಗಾದರೆ ಕ್ಲಾರಿಸ್ಸೋ, ಸೆಕೆಂಡ್ ಹ್ಯಾಂಡೋ? ಓಡಿಸುವ ಖುಷಿಯಲ್ಲಿ ಹಳೆಯ ಟಿಯಾಗ್ರಾ ಒಂದು ಕೈ ಮೇಲು. ಗೇರ್ ಬೀಳುವ ಟಕ್ ಅನ್ನುವ ಸದ್ದೇ ಚೆಂದ. ಫ್ರೇಮ್ ಕೂಡ ಹಗುರ. ಆದರೂ ನಾನು ಆರಿಸಿದ್ದು ಹೊಸ ಕ್ಲಾರಿಸ್. ಕಾರಣ ಎರಡು: ಆ 34-32 ಗೇರು, ಮತ್ತು ಅಳತೆ. ಹೊಸದರಲ್ಲಿ ನಮ್ಮ ಅಳತೆಯ ಫ್ರೇಮ್ ಕೇಳಿ ತಗೊಳ್ಳಬಹುದು. ಹಳೆಯದರಲ್ಲಿ ಸಿಕ್ಕಿದ ಅಳತೆಗೆ ನಾವು ಹೊಂದಿಕೊಳ್ಳಬೇಕು. ಸೀಟನ್ನು ಏರಿಸಿ ಇಳಿಸಬಹುದು, ಹ್ಯಾಂಡಲ್ಲನ್ನು ಹಿಡಿದಿಡುವ ಸ್ಟೆಮ್ ಒಂದೆರಡು ಸೆಂಟಿಮೀಟರ್ ಗಿಡ್ಡದು ಹಾಕಬಹುದು. ಆದರೆ ಫ್ರೇಮೇ ಉದ್ದವಾಗಿದ್ದರೆ ಕುತ್ತಿಗೆ ನೋವು ಬಿಡಲ್ಲ.

ಅಳತೆ ಸರಿಯಾಗಿ ಸಿಕ್ಕಿ, ಮುಂದೆ 34 ಹಲ್ಲೂ ಇದ್ದರೆ ಹಳೆಯದಕ್ಕೇ ಕೈ ಹಾಕಿ. ಹಗಲು ಬೆಳಕಿನಲ್ಲಿ ನೋಡಿ, ಜೊತೆಗೆ ಒಂದು ಬಟ್ಟೆ ಮತ್ತು ಸ್ಟೀಲ್ ಸ್ಕೇಲ್ ಇರಲಿ. ಬಟ್ಟೆಯಿಂದ ಫ್ರೇಮಿನ ಬೆಸುಗೆಗಳನ್ನು ಒರೆಸಿ, ಮುಖ್ಯವಾಗಿ ಹ್ಯಾಂಡಲ್ ಕೆಳಗಿನ ಕೂಡುಜಾಗ ಮತ್ತು ಪೆಡಲ್ ಹತ್ತಿರ. ಕೂದಲೆಳೆಯಂಥ ಗೆರೆ ಕಂಡು, ಒರೆಸಿದರೂ ಹೋಗದಿದ್ದರೆ ಅಲ್ಲೇ ಕೈಬಿಡಿ. ಚೈನಿನ 24 ಕೊಂಡಿ, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಹೊಸದಾಗಿದ್ದಾಗ 304.8 ಮಿ.ಮೀ. ಅದು 307 ದಾಟಿದ್ದರೆ ಚೈನ್ ಜೊತೆ ಕ್ಯಾಸೆಟ್ಟೂ ಹೋಗಿರುವ ಸಾಧ್ಯತೆ ಜಾಸ್ತಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳಿ. ರಿಮ್ಮಿನ ಬದಿಗೆ ಬೆರಳು ಸವರಿದಾಗ ಒಳಗೆ ತಗ್ಗು ತಿಳಿದರೆ ಚಕ್ರದ ಆಯಸ್ಸು ಮುಗಿಯುತ್ತಾ ಬಂದಿದೆ ಅಂತ ಅರ್ಥ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ. ಹ್ಯಾಂಡಲ್ ಬುಡದಲ್ಲಿ ಕಟಕಟ ಅಂದರೆ ಅಲ್ಲಿನ ಬೇರಿಂಗ್, ಅಂದರೆ ಹೆಡ್‌ಸೆಟ್, ಸಡಿಲ, ಬಿಗಿ ಮಾಡಿದರೆ ಸರಿಹೋಗಬಹುದು. ಕೊನೆಗೆ ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಪೋಸ್ಟ್, ಬಿಚ್ಚಿ ಮೇಲೆ ಕೆಳಗೆ ಮಾಡಿ ತೋರಿಸಲು ಹೇಳಿ. ವರ್ಷಗಟ್ಟಲೆ ಅಲುಗಾಡಿಸದೆ ಬಿಟ್ಟ ಪೋಸ್ಟ್ ಫ್ರೇಮಿಗೇ ಕಚ್ಚಿಕೊಂಡಿರುತ್ತದೆ. ಅದು ಜಗ್ಗದಿದ್ದರೆ ಸೀಟಿನ ಎತ್ತರ ನಿಮಗೆ ಹೊಂದುವುದೇ ಇಲ್ಲ, ಬೇರೆಲ್ಲ ಎಷ್ಟೇ ಚೆನ್ನಾಗಿದ್ದರೂ ಆ ಸೈಕಲ್ ಬೇಡ.