ನಿಮ್ಮ ಬುದ್ಧಿ ಅಳೆಯಲು ಯಾವುದು ಒಳ್ಳೆಯದು: ಸ್ವಂತ ಅಂದಾಜೋ, ಪರೀಕ್ಷೆಯೋ?

ಸ್ವಂತ ಅಂದಾಜಿಗೆ ಖರ್ಚಿಲ್ಲ, ಕ್ಷಣದಲ್ಲೇ ಸಿಗುತ್ತದೆ. ಆದರೆ 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಡನಿಂಗ್ ಮತ್ತು ಕ್ರೂಗರ್ ಕಂಡದ್ದನ್ನು ನೋಡಿ. ತರ್ಕ, ವ್ಯಾಕರಣದಂಥ ಪರೀಕ್ಷೆಗಳಲ್ಲಿ ತೀರ ಹಿಂದುಳಿದ ಕಾಲುಭಾಗದ ವಿದ್ಯಾರ್ಥಿಗಳು ಸರಾಸರಿ ನೂರರಲ್ಲಿ 12 ಜನರಿಗಿಂತ ಮಾತ್ರ ಮುಂದಿದ್ದರು. 62 ಜನರಿಗಿಂತ ಮುಂದಿದ್ದೇವೆ ಎಂದುಕೊಂಡಿದ್ದರು. ಚೆನ್ನಾಗಿ ಬರೆದವರೋ, ತಮ್ಮನ್ನು ಕಡಿಮೆ ಎಣಿಸಿದ್ದರು. ನನ್ನನ್ನು ಹೆಚ್ಚು ಕಾಡುವುದು ಇದೇ: ಎಷ್ಟೋ ಜಾಣ ಮಕ್ಕಳು ‘ನನ್ನ ಕೈಲಾಗಲ್ಲ’ ಎಂದು ಅರ್ಜಿಯನ್ನೇ ಹಾಕುವುದಿಲ್ಲ.

ಐಕ್ಯೂ (ಬುದ್ಧಿಮತ್ತೆಯ ಅಂಕ) ಪರೀಕ್ಷೆಯದು ಹೊರಗಿನ ಅಳತೆ, ಅದರಲ್ಲಿ ಜನರ ಸರಾಸರಿ ಅಂಕ 100. ಮನೋವಿಜ್ಞಾನಿಯ ಎದುರು ಕೂತು ಮಾಡಿದ್ದನ್ನು ನಂಬಬಹುದು. ಮೊಬೈಲಿನ ಹತ್ತು ಪ್ರಶ್ನೆಗಳನ್ನಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರೆ ಎರಡನ್ನೂ ಬಿಡಿ. ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ, ಬೇರೆಯವರಿಂದ ತಿದ್ದಿಸಿ.